ಯಾವುದನ್ನ ಬಿಡ್ಲಿ?

'ಬಿಡು' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ದೊಡ್ಡಪ್ಪ ಕೈಯಲ್ಲಿರುವುದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಚಿಕ್ಕವಳಿದ್ದಾಗ ನಾನು ಬೇಕಂತಲೇ "ಲೋಟ ಬಿಡು ದೊಡ್ಡಪ್ಪಾ" ಎಂದು ಕಾಡಿಸಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೊಡ್ಡಪ್ಪ ಫುಟ್‌ಬಾಲ್ ಆಡುತ್ತಿದ್ದ. ಗೋಲಿನ ಮುಂದೆ ನಿಂತು ನುಗ್ಗಿ ಬಂದವರನ್ನು ತಡೆಯುವ ಕೆಲಸ. ಅವನ ಬೆನ್ನ ಹಿಂದೆ ಗೋಲ್‌ಕೀಪರ್, ಜೀವದ ಗೆಳೆಯ, ದೈತ್ಯ ಆಳು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು 'ಗೋಡೆ' ಅಂತ. ಚೆಂಡು ತನ್ನ ಕೈಗೆ ಸಿಗುತ್ತದೆ ಅನ್ನಿಸಿದರೆ ಗೋಡೆ "ಬಿಡು!" ಎಂದು ಕೂಗುತ್ತಿದ್ದ. ಕೂಗಿದ ಮೇಲೆ ಮುಂದಿದ್ದವನು ಚೆಂಡು ಮುಟ್ಟಕೂಡದು. ಒಮ್ಮೆ ಫೈನಲ್‌ನಲ್ಲಿ ಗೋಡೆ ಕೂಗಿದರೂ ದೊಡ್ಡಪ್ಪ ಅತಿಬುದ್ಧಿ ತೋರಿಸಲು ಹೋಗಿ ಚೆಂಡಿಗೆ ತಲೆ ಕೊಟ್ಟ. ಚೆಂಡು ಸೀದಾ ತಮ್ಮದೇ ಗೋಲಿನೊಳಕ್ಕೆ! ಗೋಡೆ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ.

"ನಾನು ಬಿಡು ಅಂದ್ಮೇಲೆ ಬಿಡ್ಬೇಕು ಕಣೋ. ಯಾಕೆ, ಏನು ಅಂತ ತಲೆ ಓಡಿಸ್ಬಾರ್ದು."

ಆಮೇಲೆ ದೊಡ್ಡಪ್ಪ ತಲೆ ಓಡಿಸಲಿಲ್ಲ.

ಯುದ್ಧ ಬಂತು. ಇಬ್ಬರೂ ಸೈನ್ಯ ಸೇರಿ ಒಂದೇ ತುಕಡಿಯಲ್ಲಿದ್ದರು. ಸೇತುವೆ ಮುರಿದುಬಿದ್ದ ಹೊಳೆಗೆ ಗೋಡೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಔಷಧಿ ಪೆಟ್ಟಿಗೆ ಹೊತ್ತು ಇಳಿದ. ದಡದಲ್ಲಿ ಹಗ್ಗ ಹಿಡಿದು ನಿಂತವನು ದೊಡ್ಡಪ್ಪ. ನಡುನೀರಿನಲ್ಲಿ ಗೋಡೆಯ ಕಾಲು ಜಾರಿತು. ಹಗ್ಗ ದೊಡ್ಡಪ್ಪನನ್ನೂ ದರದರ ಎಳೆಯತೊಡಗಿತು. ಆಗ ಕೇಳಿಸಿತು: "ಬಿಡು!"

ದೊಡ್ಡಪ್ಪನ ಕೈ ತಾನಾಗಿ ತೆರೆದುಕೊಂಡಿತು. ಗೋಡೆ ಮತ್ತೆ ಸಿಗಲಿಲ್ಲ.

ಹಗ್ಗ ಸ್ವಲ್ಪ ಸಡಿಲ ಬಿಡು ಎಂದನೋ? ನೀನಾದರೂ ಬದುಕಿಕೋ, ನನ್ನನ್ನು ಬಿಡು ಎಂದನೋ? ಚೆಂಡಿನ ಹಾಗೆಯೇ, ನಾನು ನೋಡಿಕೊಳ್ಳುತ್ತೇನೆ ಬಿಡು ಎಂದನೋ? ಹಾಳಾದ್ದು, ಒಂದು ಮಾತಿಗೆ ಇಷ್ಟೊಂದು ಅರ್ಥ ಯಾಕಿರಬೇಕೋ! ನನಗೂ ತಲೆ ಕೆಟ್ಟುಹೋಗುತ್ತದೆ.

ವಾಪಸು ಬಂದವನು ಚೆಂಡು ಹೊಲಿಯುವ ಅಂಗಡಿ ಸೇರಿದ. ಎರಡು ಸೂಜಿ, ಮೇಣ ಹಚ್ಚಿದ ದಾರ, ಬಗ್ಗಿದ ಬೆನ್ನು. ಹಾಗೇ ಮೂವತ್ತು ವರ್ಷ ಕಳೆಯಿತು. ಎದುರು ಸಾಲಿನಲ್ಲೇ ಗೋಡೆಯ ಹೆಂಡತಿಯ ಟೈಲರ್ ಅಂಗಡಿ. ಹಗ್ಗ ತುಂಡಾಯಿತು ಎಂದೇ ಇವನು ಅವಳಿಗೆ ಹೇಳಿದ್ದು. ಸಿಕ್ಕಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಕೊನೆಗೆ ಅವ್ರು ಏನಾದ್ರೂ ಅಂದ್ರಾ, ಭಾವ?" ಇವನದೂ ಒಂದೇ ಉತ್ತರ: "ಏನೂ ಇಲ್ಲಮ್ಮ."

ಮೊನ್ನೆ ಇದ್ದಕ್ಕಿದ್ದಂತೆ ಸೂಜಿ ಕೆಳಗಿಟ್ಟ.

"ಬಾರೇ, ಹೇಳ್ಬಿಟ್ಟು ಬರೋಣ. ಆಮೇಲೆ ಅವಳು ನನ್ನ ಮುಖ ನೋಡ್ತಾಳೋ ಇಲ್ವೋ. ಅವನ ಬಗ್ಗೆ ಮಾತಾಡೋಕೆ ನಂಗೆ ಉಳಿದಿರೋಳು ಅವಳೊಬ್ಬಳೇ."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು ಈಗ್ಯಾಕೆ?" ಎಂದು ನಾನು ರೇಗಿದೆ. ಆದರೂ ಜೊತೆಗೆ ಹೋದೆ.

ಅವಳು ಉದ್ದನೆಯ ಪರದೆಯೊಂದನ್ನು ಮಡಚಲು ಒದ್ದಾಡುತ್ತಿದ್ದಳು. "ಒಳ್ಳೆ ಹೊತ್ತಿಗೆ ಬಂದ್ರಿ. ಆ ತುದಿ ಸ್ವಲ್ಪ ಹಿಡ್ಕೊಳ್ಳಿ, ಭಾವ," ಎಂದಳು. ದೊಡ್ಡಪ್ಪ ಹಿಡಿದುಕೊಂಡ. ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ: ಹಗ್ಗ, ಹೊಳೆ, ಆ ಒಂದು ಮಾತು, ತೆರೆದುಕೊಂಡ ಕೈ.

ಅವಳು ಬೈಯುತ್ತಾಳೆಂದು ನಾನು ಕಾದೆ. ಅಳುತ್ತಾಳೆಂದು ಕಾದೆ. ಅವಳು ತನ್ನ ಕೈಯಲ್ಲಿದ್ದ ಬಟ್ಟೆಯ ಅಂಚಿಗೆ ಅಂಚು ಸೇರಿಸಿದಳು.

"ಬಿಡಿ," ಎಂದಳು.

ದೊಡ್ಡಪ್ಪ ಬಿಡಲಿಲ್ಲ. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದ.

"ಯಾವುದನ್ನ ಬಿಡ್ಲಿ, ತಾಯಿ? ಈ ಸಲ ಕೇಳ್ಕೊಂಡೇ ಬಿಡ್ತೀನಿ."

ಅವಳು ಪರದೆಯನ್ನು ಮಡಚುತ್ತ ಮಡಚುತ್ತ ಅವನ ಕೈವರೆಗೂ ಬಂದಳು.

"ಬಟ್ಟೆನ, ಭಾವ. ಸದ್ಯಕ್ಕೆ ಬಟ್ಟೆನ. ಉಳಿದಿದ್ದು ನಂಗಿನ್ನೂ ಗೊತ್ತಾಗ್ತಿಲ್ಲ. ನಾಳೆ ಬಂದು ಇನ್ನೊಂದ್ಸಲ ಹೇಳಿ."

ಆಗ ದೊಡ್ಡಪ್ಪ ಬಿಟ್ಟ.