ನನ್ನ ನಂಬರಿನಿಂದ ಹೋದ ಸುಳ್ಳು

ಈ ಊರಿಗೆ ಬಂದ ಮೂರನೆಯ ದಿನ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಗೆ ಕೂತಿದ್ದೆ. ಮುಖಪರಿಚಯವೂ ಇಲ್ಲದ ಹೆಂಗಸೊಬ್ಬಳು ನನ್ನ ಪಕ್ಕಕ್ಕೆ ಸರಿದು, "ಗಂಡ ಬಿಟ್ಟಾನಂತಲ್ರಿ ನಿಮ್ಮನ್ನ? ಕುಡೀತಿದ್ದನೇನ್ರಿ?" ಎಂದಳು. ಆ ವಿಷಯ ನಾನು ಹೇಳಿದ್ದು ಮನೆಯೊಡತಿ ಪದ್ಮಕ್ಕನಿಗೆ ಮಾತ್ರ, ಅದೂ ಅಂದು ಬೆಳಿಗ್ಗೆ. ನನ್ನ ಜೋಳ ಬೀಸುವಷ್ಟರಲ್ಲಿ ಇನ್ನೂ ಮೂವರು ಅದನ್ನೇ ಕೇಳಿದರು. ಮೈಯೆಲ್ಲ ಉರಿದುಹೋಯಿತು.

ಕೊಳ್ಳೇಗಾಲದ ಕಡೆಯ ನನ್ನ ಜನರೇ, ನಾನೀಗ ಇರುವುದು ರಾಯಬಾಗ ತಾಲೂಕಿನಲ್ಲಿ, ದಿಗ್ಗೇವಾಡಿಯ ಆಚೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಕೆಲಸ ನರ್ಸಿನದು. ಮುದ್ದೆ ನುಂಗಿ ಬೆಳೆದವಳಿಗೆ ರೊಟ್ಟಿ ಅಗಿದು ದವಡೆ ನೋಯುತ್ತಿತ್ತು. ಪದ್ಮಕ್ಕನದು ಜೈನರ ಮನೆ. ಉಳ್ಳಾಗಡ್ಡಿ, ಅಂದರೆ ನಮ್ಮ ಈರುಳ್ಳಿ, ತರಬಾರದು, ಹೊತ್ತು ಮುಳುಗುವ ಮೊದಲೇ ಅವರ ಊಟ. ನಮ್ಮಲ್ಲಿ ಮಾತು ಬೀದಿಯಿಂದ ಬೀದಿಗೆ ನಡೆದು ಹೋಗುತ್ತದೆ, ಅದಕ್ಕೂ ಒಂದು ವಾರ ಬೇಕು. ಇಲ್ಲಿ ಹಾಗಲ್ಲ. ಹೆಣ್ಣುಮಕ್ಕಳನ್ನು ಅಕ್ಕೋಳಕ್ಕೆ, ಶೇಡಬಾಳಕ್ಕೆ, ಗಡಿ ದಾಟಿ ಮಹಾರಾಷ್ಟ್ರಕ್ಕೆ ಕೊಟ್ಟಿದ್ದಾರೆ. ಮಾತು ತವರಿನಿಂದ ಗಂಡನ ಮನೆಗೆ, ಅಲ್ಲಿಂದ ನಾದಿನಿಯ ತವರಿಗೆ ಹೋಗಿ ಮರಾಠಿ ಉಟ್ಟುಕೊಂಡು ವಾಪಸು ಬರುತ್ತದೆ.

ಸಿಟ್ಟು ಇಳಿದ ಮೇಲೆ ನನಗೂ ಬುದ್ಧಿ ಬಂತು. ಗುರುವಾರ ಮಕ್ಕಳಿಗೆ ಲಸಿಕೆಯ ಸೂಜಿ ಹಾಕುವ ದಿನ. ಬುಧವಾರ ಡಬ್ಬಿ ಹಿಡಿದು ಗಿರಣಿಗೆ ಹೋಗಿ, "ನಾಳೆ ಕೂಸುಗಳನ್ನು ಕರ್ಕೊಂಡು ಬನ್ನಿ" ಎಂದು ಒಬ್ಬಳ ಕಿವಿಯಲ್ಲಿ ಹಾಕಿದರೆ ಸಾಕು, ಮರುದಿನ ನಿಲ್ಲಲು ಜಾಗವಿರುತ್ತಿರಲಿಲ್ಲ. ಯಾರಾದರೂ ಹೆದರಿದ್ದರೆ ಅಲ್ಲೇ ಕೇಳುತ್ತಿದ್ದರು, ನಾನು ಅಲ್ಲೇ ಉತ್ತರ ಕೊಡುತ್ತಿದ್ದೆ. ಪರವೂರಿನವಳಾದ ನನಗೆ ಅದು ದೊಡ್ಡ ಗೆಲುವೇ ಆಗಿತ್ತು.

ಆಮೇಲೆ ಮನೆಮನೆಗೆ ಘರ್‌ಘಂಟಿ ಬಂತು. ಅಡುಗೆಮನೆಯಲ್ಲಿ ಕರೆಂಟಿಗೆ ಹಚ್ಚುವ ಸಣ್ಣ ಗಿರಣಿ ಅದು, ಹೆಸರು ಮರಾಠಿಯದು. ಪದ್ಮಕ್ಕ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಎರಡು ವರ್ಷದಲ್ಲಿ ಊರ ಗಿರಣಿಗೆ ಬೀಗ ಬಿತ್ತು, ಪಾಳಿಗೆ ಕೂರುವ ಹೆಂಗಸರೂ ಇಲ್ಲವಾದರು. ನಾನು ಜಾಣೆ ಅಲ್ಲವೇ, ತಾಯಂದಿರ ನಂಬರೆಲ್ಲ ಸೇರಿಸಿ ಫೋನಿನಲ್ಲಿ ಗುಂಪು ಮಾಡಿದೆ.

ಒಂದು ದಿನ ನನ್ನ ಫೋನಿಗೆ ಒಂದು ದನಿ ಸಂದೇಶ ಬಂತು. ಯಾರೋ ಗಂಡಸು ಮರಾಠಿಯಲ್ಲಿ, "ಮುಲೀಂನಾ ಹೀ ಸುಯಿ ದೇವೂ ನಕಾ" ಎನ್ನುತ್ತಿದ್ದ. ಹೆಣ್ಣುಮಕ್ಕಳಿಗೆ ಈ ಸೂಜಿ ಹಾಕಿಸಬೇಡಿ, ಮುಂದೆ ಅವರಿಗೆ ಮಕ್ಕಳಾಗುವುದಿಲ್ಲ ಎಂದು. ಅವನು ಹೇಳುತ್ತಿದ್ದುದು ದಡಾರದ ಸೂಜಿಯ ಬಗ್ಗೆ. ಹಸಿ ಸುಳ್ಳು. ಸಿಟ್ಟಿನಲ್ಲಿ ಅದನ್ನು ನನ್ನ ಗುಂಪಿಗೆ ಹಾಕಿ, "ಇದು ಪೂರ್ತಿ ಸುಳ್ಳು, ಯಾರೂ ನಂಬಬೇಡಿ, ಗುರುವಾರ ತಪ್ಪದೆ ಬನ್ನಿ" ಎಂದು ಕೆಳಗೆ ನಾಲ್ಕು ಸಾಲು ಬರೆದೆ.

ಗುರುವಾರ ಎರಡೇ ಕೂಸು ಬಂದವು, ಎರಡೂ ಗಂಡು. ಪದ್ಮಕ್ಕನ ಮಗಳು ಅಕ್ಕೋಳದಿಂದ ತವರಿಗೆ ಬಂದಿದ್ದಳು. ಅವಳ ಹತ್ತು ತಿಂಗಳ ಮಗಳು ಆರೋಹಿ ದಿನವೂ ನನ್ನ ತೊಡೆಯ ಮೇಲೆ ಆಡುವ ಕೂಸು. ಅದನ್ನೂ ಕರೆತಂದಿರಲಿಲ್ಲ. ಮನೆಗೆ ಹೋಗಿ ಪದ್ಮಕ್ಕನನ್ನು ಕೇಳಿದೆ.

"ನೀವs ಕಳಿಸೀರಲ್ರಿ ಬಾಯಾರ, ಸೂಜಿ ಬ್ಯಾಡಂತ?" ಎಂದಳು ಅವಳು. "ಬ್ಯಾರೇದವ್ರು ಕಳಿಸಿದ್ರ ನಂಬತಿದ್ದಿಲ್ಲ. ನರ್ಸ್‌ಬಾಯಿ ನಂಬರಿಂದ ಬಂದೈತಿ ಅಂದಮ್ಯಾಲ ಖರೇ ಇರಬೇಕಂತ ಅಕ್ಕೋಳಕ್ಕೂ ಕಳಿಸೇನಿ, ಶೇಡಬಾಳಕ್ಕೂ ಕಳಿಸೇನಿ."

"ಕೆಳಗೆ ಬರೆದದ್ದು ಓದಲಿಲ್ಲವಾ?"

"ರೊಟ್ಟಿ ಬಡಿಯೂ ಮುಂದ ಹಚ್ಚಿ ಕೇಳೇನ್ರಿ. ಹಿಟ್ಟಿನ ಕೈಲೆ ಯಾರ್ ಓದ್ತಾರ?"

ಯಾರೂ ಓದಿರಲಿಲ್ಲ. ಕಬ್ಬಿನ ಹೊಲದಲ್ಲಿ, ಒಲೆಯ ಮುಂದೆ, ದನದ ಕೊಟ್ಟಿಗೆಯಲ್ಲಿ ಎಲ್ಲರೂ ದನಿಯನ್ನಷ್ಟೇ ಕೇಳಿದ್ದರು. ದನಿ ಊರೂರು ತಿರುಗಿತು, ನನ್ನ ನಾಲ್ಕು ಸಾಲು ಇದ್ದಲ್ಲೇ ಉಳಿಯಿತು. ನಾನು ಮನೆಮನೆಗೆ ಹೋಗಿ ಕೂಗಾಡಿದೆ. ಆ ದನಿಯವನನ್ನು ಬೈದೆ, ಇವರನ್ನು ಬೈದೆ, ನನ್ನನ್ನೇ ಬೈದುಕೊಂಡೆ. "ಹೌದ್ರಿ, ಮುಂದಿನ ವಾರ ನೋಡೂಣ್ರಿ" ಎಂದು ಎಲ್ಲರೂ ಚಹಾ ಕೊಟ್ಟರು. ಪದ್ಮಕ್ಕನೂ ಹಾಗೇ ಅಂದಳು. ಗಿರಣಿ ಇದ್ದಿದ್ದರೆ ಪಾಳಿಯಲ್ಲೇ ಯಾರಾದರೂ ನನ್ನನ್ನು ಹಿಡಿದು ಕೇಳಿರುತ್ತಿದ್ದರು ಎಂಬುದನ್ನು ನೆನೆದರೆ ಇಂದಿಗೂ ಆ ಘರ್‌ಘಂಟಿಯ ಸದ್ದು ನನಗೆ ಆಗುವುದಿಲ್ಲ.

ಮುಂದಿನ ವಾರ ಪದ್ಮಕ್ಕನ ಮನೆಯವರು ಆರೋಹಿಯನ್ನು ಕರೆದುಕೊಂಡು ಅಕ್ಕೋಳಕ್ಕೆ, ಬೇರೊಂದು ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋದರು. ಅಲ್ಲಿ ಮಕ್ಕಳಿಗೆ ದಡಾರ ಎದ್ದಿತ್ತು. ಮಾತು ಓಡಾಡುವ ದಾರಿಯಲ್ಲೇ ರೋಗವೂ ಬಂತು. ಆರೋಹಿಗೆ ಮೈತುಂಬ ಕೆಂಪು ದದ್ದು, ಆಮೇಲೆ ಎದೆಯಲ್ಲಿ ಕಫ, ಆಮೇಲೆ ಕಿವಿ ಸೋರತೊಡಗಿತು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಬದುಕಿ ಪದ್ಮಕ್ಕನ ಮನೆಗೇ ಬಂದಳು. ಈಗ ಹಿಂದಿನಿಂದ ಎಷ್ಟು ಕೂಗಿದರೂ ತಿರುಗುವುದಿಲ್ಲ. ಪರೀಕ್ಷೆ ಮಾಡಿದ ಡಾಕ್ಟರು ಎರಡೂ ಕಿವಿ ಹೋಗಿವೆ ಎಂದರು.

ಪದ್ಮಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೂ ನನಗೆ ಸಿಟ್ಟಿದೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ಇಬ್ಬರೂ ಅಳಬಹುದಿತ್ತು. ವರ್ಗಾವಣೆಗೆ ಅರ್ಜಿ ಬರೆದು ಇಟ್ಟಿದ್ದೇನೆ, ಕಳಿಸಿಲ್ಲ. ಗುರುವಾರ ಈಗ ಪದ್ಮಕ್ಕ ಆರೋಹಿಯನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಜೊತೆ ಮನೆಮನೆಗೆ ಬರುತ್ತಾಳೆ. ಅವಳು ಬಂದರೆ ಸೂಜಿ ಬೇಡವೆನ್ನುವವರಿಲ್ಲ. ಇವರನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಹೋದ ಭಾನುವಾರ ಕೊಳ್ಳೇಗಾಲದಿಂದ ತಂಗಿ ಫೋನು ಮಾಡಿದಳು. ಅವಳ ಮಗುವಿಗೆ ಒಂಬತ್ತು ತಿಂಗಳು ತುಂಬಿದೆ.

"ಅಕ್ಕಾ, ಸೂಜಿ ಹಾಕುಸ್ಬೇಡಿ ಅಂತ ಒಂದ್ ವಾಯ್ಸ್ ಬಂದದೆ, ಇಲ್ಲಿ ಎಲ್ಲರತ್ರಾನೂ ಅದೆ" ಎಂದಳು. "ನಮ್ ಕನ್ನಡದಲ್ಲೇ ಅದೆ. ರಾಯಬಾಗದ್ ಕಡೆ ನರ್ಸೇ ಕಳ್ಸವ್ಳಂತೆ. ನರ್ಸೇ ಹೇಳ್ದ್ ಮ್ಯಾಲೆ ಸುಳ್ಳಿರ್ತದಾ? ನಿಂಗೇನಾದ್ರೂ ಅವ್ಳು ಗೊತ್ತಾ?"

"ಗೊತ್ತು" ಎಂದೆ. "ಆಕಿ ನಾನs ಅದೀನಿ. ಅದು ಸುಳ್ಳೈತಿ. ನಾಳೆನs ಸೂಜಿ ಹಾಕಿಸು."

ತಂಗಿ ನಕ್ಕಳು. "ಸುಮ್ನಿರಕ್ಕಾ, ನೀನ್ಯಾಕಾಗ್ತೀಯೆ? ಅವ್ಳು ಆ ಕಡೆಯವ್ಳಂತೆ."