ಕ್ಯಾಸೆಟ್ಟಿನ ಕೊನೆಯ ನಿಮಿಷ

ರೆಕಾರ್ಡಿಂಗ್ ಕಾಕಾ ಅವರ ಬಲಗಿವಿ ತಲೆಗೆ ಅಂಟಿಸಿಟ್ಟಂತೆ ಚಪ್ಪಟೆಯಾಗಿತ್ತು. ಹೆಡ್‌ಫೋನನ್ನು ಅವರು ಆ ಒಂದೇ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಎಡಗಿವಿ ಗಿರಾಕಿಗಳಿಗೆ ಮೀಸಲು. ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಎರಡು ದಿನದಲ್ಲಿ ಕ್ಯಾಸೆಟ್ ತುಂಬಿ ಕೊಡುತ್ತಿದ್ದರು. ಧಾರವಾಡ ಕಡೆಯವರು. ಪಾಪ್ ಹಾಡೆಂದರೆ ಜೀವ. ಒಂದು ಅಕ್ಷರ ತಿಳಿಯದ ಇಂಗ್ಲಿಷ್ ಹಾಡಿಗೂ ಕಣ್ಣು ಮುಚ್ಚಿ ತಲೆದೂಗುವರು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹಡಪಸರದಲ್ಲಿ ಟ್ರಕ್ಕು, ಟ್ರ್ಯಾಕ್ಟರುಗಳಿಗೆ ಟೇಪ್ ಕೂಡಿಸುವ ಅಂಗಡಿಯನ್ನು ಯಾರ ಕೈಕಾಲೂ ಹಿಡಿಯದೆ ಕಟ್ಟಿದೆ. ಕೂಡಿಸಿದ ಟೇಪನ್ನು ಪರೀಕ್ಷಿಸಲು ನನಗೆ ಕಾಕಾ ಅವರ ಕ್ಯಾಸೆಟ್ಟೇ ಬೇಕಾಗುತ್ತಿತ್ತು. ಎಂಥ ದರಿದ್ರ ಸ್ಪೀಕರಿನಲ್ಲೂ ಢೋಲು ಬಂದು ಎದೆಗೆ ಬಡಿಯುತ್ತಿತ್ತು.

ಕ್ಯಾಸೆಟ್ಟಿನ ಒಂದು ಬದಿಯ ಕೊನೆಗೆ ಒಂದು ನಿಮಿಷ ಉಳಿದರೆ ಇಡೀ ಹಾಡು ಹಿಡಿಸುವುದಿಲ್ಲ. ಅರ್ಧಕ್ಕೆ ಕತ್ತರಿಸಲು ಕಾಕಾಗೆ ಮನಸ್ಸಿಲ್ಲ, ಖಾಲಿ ಬಿಡಲೂ ಮನಸ್ಸಿಲ್ಲ. ಮೈಕ್ ಎಳೆದುಕೊಂಡು, ಇನ್ನೊಂದು ಬದಿಯ ಮೊದಲ ಹಾಡಿನ ಧಾಟಿಯನ್ನು ತಾವೇ ಗುನುಗಿ, "ಹೊಳ್ಳಿಸಿ ಹಾಕ್ರಿ, ಮುಂದ ಇದು ಅದ" ಎಂದು ಮುಗಿಸುತ್ತಿದ್ದರು.

"ಕಾಕಾ, ಮಂದಿ ರೊಕ್ಕ ಕೊಡೋದು ಹಾಡಿಗ್ರಿ, ನಿಮ್ಮ ಗೊಣಗಾಟಕ್ಕಲ್ಲ" ಎಂದು ಕಾಡುತ್ತಿದ್ದೆ.

"ಗೊಣಗಾಟ ಫುಕಟ್ ಅದನೋ ಮಿಸ್ತ್ರಿ, ಬಾಯಿ ಮುಚ್ಚಿ ತಗೊಂಡ್ ಹೋಗು."

ಎರಡು ಸಾವಿರದ ಇಸವಿಯ ನಂತರ ಬೆರಳುದ್ದದ ಡಿಜಿಟಲ್ ಪ್ಲೇಯರುಗಳು ಬಂದವು. ಒಂದನ್ನು ಒಯ್ದು ತೋರಿಸಿದೆ. "ಇದರಾಗ ಐದುನೂರು ಹಾಡು ಕೂಡ್ತಾವ್ರಿ."

ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಭಾಳ ಛಲೋ ಅದ. ಇದರ ಇನ್ನೊಂದು ಬಾಜೂ ಎಲ್ಲಿ ಅದ?"

ಇಬ್ಬರೂ ನಕ್ಕೆವು. ಆ ವರ್ಷವೇ ನಾನು ಹೊಸ ಪ್ಲೇಯರುಗಳಿಗೆ ಜಾಗ ಬೇಕೆಂದು ಕಪಾಟು ಖಾಲಿ ಮಾಡಿ, ಕಾಕಾ ತುಂಬಿ ಕೊಟ್ಟಿದ್ದ ಕ್ಯಾಸೆಟ್ಟುಗಳನ್ನೆಲ್ಲ ರದ್ದಿಯವನ ಚೀಲಕ್ಕೆ ಸುರಿದೆ. ಅವರ ಅಂಗಡಿಯೂ ಮುಚ್ಚಿತು.

ಮುಂದೆ ಕಾಕಾಗೆ ಗಂಟಲಿನ ಆಪರೇಶನ್ ಆಯಿತು, ದನಿ ಹೋಯಿತು. ಒಂದು ಮಧ್ಯಾಹ್ನ ಕಾಕೂ, ಅಂದರೆ ಅವರ ಹೆಂಡತಿ, ನನ್ನ ಅಂಗಡಿಗೆ ಬಂದರು.

"ಮನ್ಯಾಗ ಅವರ ದನಿ ಇರೋ ಕ್ಯಾಸೆಟ್ ಒಂದೂ ಇಲ್ಲಪಾ. ತುಂಬಿದ್ದೆಲ್ಲಾ ಮಂದೀಗೇ. ನಿನ್ನ ಹತ್ರ ಇರಬೇಕಲ್ಲ?"

ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. "ಎಂಟು ದಿನದಾಗ ತರ್ತೀನ್ರಿ" ಎಂದೆ.

ಹಳೆಯ ಗಿರಾಕಿಗಳನ್ನೆಲ್ಲ ಕೇಳಿದೆ. ಕೊನೆಗೆ ಎಸ್.ಟಿ. ಬಸ್ಸು ಹಿಡಿದು ಇಂದಾಪುರಕ್ಕೆ ಹೋದೆ. ಕಬ್ಬು ಸಾಗಿಸುವ ಒಬ್ಬರ ಟ್ರ್ಯಾಕ್ಟರಿನಲ್ಲಿ, ಸೀಟಿನ ಪಕ್ಕ, ಒಂದು ಕ್ಯಾಸೆಟ್ ಸಿಕ್ಕಿತು. ಎಷ್ಟೋ ಬೇಸಿಗೆ ಕಂಡದ್ದು.

ಕಾಕಾ ಮಂಚದ ಮೇಲೆ ಮಲಗಿದ್ದರು. ಟೇಪ್ ಹಚ್ಚಿದೆ. ಹಾಡುಗಳು ಮುಗಿದು ಗುನುಗು ಶುರುವಾಯಿತು. ಬಿಸಿಲಿಗೆ ರೀಲು ಜಗ್ಗಿ ದನಿ ನಿಧಾನವಾಗಿತ್ತು, ದಪ್ಪವಾಗಿತ್ತು. ಬಾವಿಯೊಳಗಿಂದ ಯಾರೋ ಕರೆದಂತೆ ಕೇಳುತ್ತಿತ್ತು.

ಕಾಕೂ ಹಿಂದೆ ಸರಿದರು. "ಇವರಲ್ಲ ಇದು. ಬಂದ್ ಮಾಡು."

ಆಗ ಕಾಕಾ ಕೈ ಎತ್ತಿ ತಡೆದರು. ಅವರ ತುಟಿಗಳು ಆ ನಿಧಾನದ ದನಿಗೆ ಸರಿಯಾಗಿ, ಒಂದಿಷ್ಟೂ ಹಿಂದೆ ಮುಂದೆ ಆಗದೆ, ಅಲುಗತೊಡಗಿದವು. ದನಿ ಟೇಪಿನಲ್ಲಿ, ಬಾಯಿ ಮಂಚದ ಮೇಲೆ. "ಹೊಳ್ಳಿಸಿ ಹಾಕ್ರಿ, ಮುಂದ ಇದು ಅದ" ಎಂಬ ಕೊನೆಯ ಮಾತನ್ನೂ ಅವರು ಹಾಗೆಯೇ ಆಡಿದರು. ಕಾಕೂ ಗಂಡನ ಕಾಲ ಹತ್ತಿರ ಕುಳಿತು ಅತ್ತುಬಿಟ್ಟರು.

ಅದೇ ತಿಂಗಳು ಕಾಕಾ ಹೋದರು. ಆ ಒಂದು ನಿಮಿಷವನ್ನು ನಾನು ಕಾಕೂಗೆ ಪ್ಲೇಯರಿನಲ್ಲಿ ತುಂಬಿಸಿಕೊಟ್ಟೆ. ನಾನು ಹೋದಾಗಲೆಲ್ಲ ಅವರು ಅದನ್ನು ಹಚ್ಚುತ್ತಾರೆ. ಆ ದನಿಗೆ ಅವರು ಹೊಂದಿಕೊಂಡಿದ್ದಾರೆ. ನನಗೆ ಇನ್ನೂ ಆಗಿಲ್ಲ.

"ನೀ ಇಂದಾಪುರದ ತನಕ ಹೋಗಿದ್ದಕ್ಕ ಇಷ್ಟರೆ ಉಳೀತು ನೋಡಪಾ" ಎನ್ನುತ್ತಾರೆ.

ಕಾಕಾ ಅವರ ಬಿಸಿಲು ಕಾಣದ ನಿಜವಾದ ದನಿ ನನ್ನ ಕಪಾಟಿನಲ್ಲೇ ಇತ್ತು, ನಾನೇ ಅದನ್ನು ರದ್ದಿಗೆ ಹಾಕಿದೆ ಎಂದು ಇವತ್ತಿಗೂ ಹೇಳಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ.