ಒಂದೊಂದು ಪರದೆಗೂ ಅದರದೇ ಚೀಟಿ

ನಮ್ಮ ದೊಡ್ಡಮ್ಮ ಪರದೆ ಹೊಲಿಯುತ್ತಾರೆ. ಕಿಟಕಿಯದು, ಬಾಗಿಲಿನದು, ಆಸ್ಪತ್ರೆಯ ಮಂಚಗಳ ನಡುವೆ ಎಳೆಯುವ ಹಸಿರು ಪರದೆ, ಎಲ್ಲವೂ. ಅಂಗಡಿ ಇರುವುದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಿರಿದೆಂದರೆ, ಮೇಲಿನವರು ಇಳಿದು ಮುಗಿಸುವವರೆಗೆ ಹತ್ತುವವರು ಕೆಳಗೆ ಚಪ್ಪಲಿ ನೋಡುತ್ತಾ ನಿಲ್ಲಬೇಕು. ಹಾಗೆ ನೋಡಿ ನೋಡಿ ಕೊಂಡವರೂ ಇದ್ದಾರೆ. ಚಪ್ಪಲಿ ಅಂಗಡಿಯವರಿಗೆ ನಮ್ಮ ಮೆಟ್ಟಿಲೆಂದರೆ ತುಂಬಾ ಅಭಿಮಾನ.

ವ್ಯಾಪಾರ ಮೂವರದು. ದೊಡ್ಡಮ್ಮ ಹೊಲಿಯುತ್ತಾರೆ. ಅವರ ಓರಗಿತ್ತಿ, ಅಂದರೆ ನಮ್ಮ ಚಿಕ್ಕಮ್ಮ, ಮನೆಮನೆಗೆ ಹೋಗಿ ಅಳತೆ ತಂದು ಬಟ್ಟೆ ಕತ್ತರಿಸುತ್ತಾರೆ. ಗೋಡೆ ಕೊರೆದು ಸರಳು ಕೂರಿಸುವವರನ್ನು ಎಲ್ಲರೂ ಡ್ರಿಲ್ಲಣ್ಣ ಎಂದೇ ಕರೆಯುತ್ತಾರೆ. ಅಂಗಡಿ ತೆರೆದಾಗ ನೆಂಟರು, "ಎರಡು ಜಡೆ ಒಂದು ಕಡೆ ಸೇರಲ್ಲ" ಎಂದು ಭವಿಷ್ಯ ನುಡಿದಿದ್ದರು. "ನನ್ನ ಕೂದಲೆಲ್ಲಾ ಯಾವತ್ತೋ ಉದುರಿದೆ, ಇಲ್ಲಿರೋದು ಒಂದೇ ಜಡೆ" ಎಂದು ದೊಡ್ಡಮ್ಮ ನಕ್ಕಿದ್ದರು.

ಅಂಗಡಿಯಲ್ಲಿ ಒಂದು ಕರಿಹಲಗೆ ಇದೆ. ಯಾವ ನೂಲು, ಅಂಚು ಎಷ್ಟು ಬೆರಳು ಮಡಚಬೇಕು ಎಂಬುದನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ಬದಲಾದರೆ ಒರೆಸಿ ಬರೆಯುತ್ತಾರೆ, ಮೂವರೂ ಹಲಗೆ ನೋಡಿಯೇ ಕೆಲಸ ಮಾಡುತ್ತಾರೆ. ದೊಡ್ಡಮ್ಮ ವಿಡಿಯೊ ನೋಡಿ ನೋಡಿ ಕಂಪ್ಯೂಟರಿನಲ್ಲಿ ಪಾಲಿನ ಲೆಕ್ಕದ ಶೀಟು ಮಾಡಿದಾಗಲೂ ಕಣ್ಣ ಮುಂದೆ ಇದ್ದದ್ದು ಆ ಹಲಗೆಯೇ. ಶೀಟಿನ ನೆತ್ತಿಯಲ್ಲಿ ಮೂರು ಚೌಕ: ತಮಗೆ ನೂರಕ್ಕೆ ನಲವತ್ತು, ಚಿಕ್ಕಮ್ಮನಿಗೆ ಮೂವತ್ತೈದು, ಡ್ರಿಲ್ಲಣ್ಣನಿಗೆ ಇಪ್ಪತ್ತೈದು. ಕೆಳಗೆ ತಿಂಗಳಿಗೊಂದು ಸಾಲು, ಅದರಲ್ಲಿ ಯಾರು ಎಷ್ಟು ತೆಗೆದುಕೊಂಡರು ಎಂಬುದೂ ಇರುತ್ತದೆ. ತಿಂಗಳ ಉಳಿಕೆಯನ್ನು ಮೇಲಿನ ಪಾಲಿನಿಂದ ಗುಣಿಸುವುದು ಫಾರ್ಮುಲಾದ ಕೆಲಸ. ಫಾರ್ಮುಲಾವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ ಅದು ನೋಡುವ ಮೇಲಿನ ಚೌಕ ಜಾರಬಾರದೆಂದು ಡಾಲರ್ ಗುರುತಿನಿಂದ ಮೊಳೆ ಹೊಡೆದಿದ್ದರು. ಯಾರಾದರೂ ಪಾಲಿಗಿಂತ ಹೆಚ್ಚು ತೆಗೆದುಕೊಂಡರೆ ಅವರ ಚೌಕ ಕೆಂಪಾಗಬೇಕು. ಈ ಕೆಂಪಿನ ಬಗ್ಗೆ ಅವರಿಗೆ ಭಾರಿ ಹೆಮ್ಮೆ. ಆದರೆ ಅದು ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ.

ಒಂದು ದಿನ ಚಿಕ್ಕಮ್ಮ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಅಕ್ಕಾ, ಇನ್ನು ಮೆಟ್ಟಿಲು ಹತ್ತಿ ಅಳತೆ ತರೋದು ನನ್ನಿಂದ ಆಗಲ್ಲ. ಡ್ರಿಲ್ಲಣ್ಣನೇ ತರಲಿ. ಈ ತಿಂಗಳಿಂದ ನನ್ನ ಪಾಲಲ್ಲಿ ಐದು ಅವರಿಗೆ ಹಾಕು."

ಯಾರೂ ಕೇಳಿರಲಿಲ್ಲ, ತಾವಾಗಿಯೇ ಬಿಟ್ಟುಕೊಟ್ಟದ್ದು. ದೊಡ್ಡಮ್ಮ ಆಗಲೇ ಮೇಲಿನ ಚೌಕದಲ್ಲಿ ಮೂವತ್ತೈದು ಅಳಿಸಿ ಮೂವತ್ತು ಹಾಕಿದರು, ಡ್ರಿಲ್ಲಣ್ಣನಿಗೂ ಮೂವತ್ತು. ಎಲ್ಲ ಸಾಲೂ ಆ ಮೇಲಿನ ಚೌಕವನ್ನೇ ನೋಡುತ್ತಿದ್ದರಿಂದ, ಚಿಕ್ಕಮ್ಮನ ಲೆಕ್ಕ ಹಳೆಯ ತಿಂಗಳುಗಳಲ್ಲೆಲ್ಲ ಕೆಂಪಾಯಿತು.

"ಇದೇನಕ್ಕಾ, ನನ್ನದು ಮಾತ್ರ ಒಣಮೆಣಸಿನಕಾಯಿ ಹರವಿದ ಹಾಗಿದೆ?"

ಡ್ರಿಲ್ಲಣ್ಣ ಕನ್ನಡಕ ಏರಿಸಿದರು. "ನೀವು ಮೊದಲಿಂದ್ಲೂ ಜಾಸ್ತಿ ತಗೊಂಡಿದ್ದೀರಂತೆ. ನನಗೆ ಬಾಕಿ ಬರಬೇಕಂತೆ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಅವರು ಹೇಳಿದ್ದು ತಮಾಷೆಗೆ. ಚಿಕ್ಕಮ್ಮನ ಮುಖ ಮಾತ್ರ ಸಣ್ಣಗಾಯಿತು. "ಬಿಟ್ಟುಕೊಟ್ಟವಳ ತಲೆ ಮೇಲೇ ಸಾಲ! ಚೆನ್ನಾಗಿದೆ ನಿಮ್ಮ ನ್ಯಾಯ. ನಾನಿಲ್ಲದೇ ನಡೆಸ್ಕೊಳ್ಳಿ." ಕೊರಳಿನ ಅಳತೆ ಟೇಪನ್ನು ಮೆಷಿನ್ನಿನ ಮೇಲೆ ಇಟ್ಟು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ದೊಡ್ಡಮ್ಮ ಮತ್ತೆ ಮೂವತ್ತೈದು ಹಾಕಿದರು. ಹಳೆಯದೆಲ್ಲ ಸರಿಯಾಯಿತು, ಈ ತಿಂಗಳದು ತಪ್ಪಾಯಿತು. ಮೂವತ್ತು ಹಾಕಿದರೆ ಇದು ಸರಿ, ಅದು ತಪ್ಪು. "ಅತ್ತ ದರಿ, ಇತ್ತ ಪುಲಿ" ಎಂದು ಕೈಚೆಲ್ಲಿ ಕೂತರು. ಓರಗಿತ್ತಿ ಬರದಿದ್ದರೆ ಅಂಗಡಿಯೇ ಬೇಡ ಎಂದೂ ಹೇಳಿದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಕಾಂಪೌಂಡರು ಒಂದು ಹಳೆಯ ಪರದೆ ಹಿಡಿದು ಬಂದರು. ಇಂಥದ್ದೇ ಇನ್ನೊಂದು ಬೇಕಂತೆ. ಡ್ರಿಲ್ಲಣ್ಣ ಉತ್ಸಾಹದಿಂದ ಹಲಗೆ ನೋಡಿ, "ಅಂಚು ಮೂರು ಬೆರಳು" ಎಂದರು.

"ಅಯ್ಯೋ, ಹಲಗೆ ಇವತ್ತಿಂದು ಮಾರಾಯ್ರೇ! ಆಗ ಹೊಲಿದದ್ದಕ್ಕೆ ಈಗಿನ ಹಲಗೆ ನೋಡ್ತಾರಾ? ಒಳಗೆ ಚೀಟಿ ಇದೆ ನೋಡಿ" ಎಂದರು ದೊಡ್ಡಮ್ಮ.

ಪ್ರತಿ ಪರದೆಯ ಅಂಚಿನೊಳಗೂ ದೊಡ್ಡಮ್ಮ ಒಂದು ಬಟ್ಟೆಯ ಚೀಟಿ ಸೇರಿಸಿ ಹೊಲಿಯುತ್ತಾರೆ. ಆ ಪರದೆಯ ಅಳತೆ, ಮಡಿಕೆ ಅದರಲ್ಲೇ ಇರುತ್ತದೆ. ಡ್ರಿಲ್ಲಣ್ಣ ಅಂಚು ಬಿಚ್ಚಿ, "ನಾಲ್ಕು ಬೆರಳು" ಎಂದು ಓದಿದರು. ದೊಡ್ಡಮ್ಮ ಕಂಪ್ಯೂಟರನ್ನೇ ನೋಡುತ್ತಿದ್ದರು.

ಆಮೇಲಿನದು ಬರೀ ಕೈಕೆಲಸ. ಪ್ರತಿ ತಿಂಗಳ ಸಾಲಿನಲ್ಲೇ ಮೂರು ಹೊಸ ಚೌಕ ಮಾಡಿ, ಆಯಾ ತಿಂಗಳ ಪಾಲನ್ನು ಅಲ್ಲೇ ಬರೆದರು. ಡಾಲರ್ ಮೊಳೆ ಕಿತ್ತು, ಫಾರ್ಮುಲಾ ತನ್ನ ಸಾಲನ್ನೇ ನೋಡುವಂತೆ ಮಾಡಿದರು. ಹಳೆಯ ತಿಂಗಳಿಗೆ ಮೂವತ್ತೈದು, ಈ ತಿಂಗಳಿಗೆ ಮೂವತ್ತು. ಕೆಂಪು ಹೋಯಿತು.

ಟೇಪನ್ನು ತಮ್ಮ ಕೊರಳಿಗೆ ಹಾಕಿಕೊಂಡು, ಲ್ಯಾಪ್‌ಟಾಪನ್ನು ತೆರೆದ ಹಾಗೆಯೇ ಎದೆಗವಚಿಕೊಂಡು ಚಿಕ್ಕಮ್ಮನ ಮನೆಗೆ ನಡೆದರು. ಡ್ರಿಲ್ಲಣ್ಣ ಹಿಂದೆ ಹಿಂದೆ.

"ತಪ್ಪು ನಿನ್ನದಲ್ಲ ಕಣೇ, ನನ್ನ ಫಾರ್ಮುಲಾದ್ದು. ಹಲ್ಲಿನ ಡಾಕ್ಟರು ಇನ್ನೊಂದು ಪರದೆ ಬೇಕು ಅಂತ ಹಳೇದು ಕಳಿಸಿದ್ರು, ಅದರ ಚೀಟಿ ನೋಡಿದಾಗ ಹೊಳೀತು. ನೀನೇ ನೋಡು."

ಚಿಕ್ಕಮ್ಮ ಬಟ್ಟೆ ಪರೀಕ್ಷಿಸುವವರಂತೆ ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದರು. "ಈಗ ಬದಲಾಯಿಸಿದ್ರೆ ಹಳೇದು ಅಲ್ಲಾಡಲ್ಲ ಅನ್ನೋ ಗ್ಯಾರಂಟಿ?"

"ನೀನೇ ಒತ್ತಿ ನೋಡು."

ಚಿಕ್ಕಮ್ಮ ಈ ತಿಂಗಳ ಸಾಲಿಗೆ ಹೋಗಿ, ಡ್ರಿಲ್ಲಣ್ಣನ ಪಾಲಿಗೆ ಸೊನ್ನೆ ಒತ್ತಿದರು. ಡ್ರಿಲ್ಲಣ್ಣ ಆ ತಿಂಗಳು ಆಗಲೇ ಮುಂಗಡ ತೆಗೆದುಕೊಂಡಿದ್ದರು. ಅವರ ಒಂದು ಚೌಕ ಮಾತ್ರ ಕೆಂಪಗೆ ಹೊತ್ತಿಕೊಂಡಿತು. ಹಳೆಯದು ಯಾವುದೂ ಅಲ್ಲಾಡಲಿಲ್ಲ.

"ಈಗ ಸಾಲಗಾರ ಯಾರು ಡ್ರಿಲ್ಲಣ್ಣಾ? ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ತಾಯೀ, ಮೂವತ್ತು ಹಾಕಿ ಬಿಡಿ!"

ಚಿಕ್ಕಮ್ಮ ಸ್ವಲ್ಪ ಕಾಯಿಸಿಯೇ ಹಾಕಿದರು. ಆಮೇಲೆ ಅಕ್ಕನ ಕೊರಳಿಗೆ ಕೈಹಾಕಿ ಟೇಪನ್ನು ಎಳೆದುಕೊಂಡರು. "ಆ ಹಲ್ಲಿನ ಡಾಕ್ಟರ ಬಟ್ಟೆ ಕತ್ತರಿಸೋಕೆ ಹೋಗಿಲ್ಲ ತಾನೇ ನೀನು? ಹಾಳು ಮಾಡ್ತೀಯ, ನಡಿ."